ಲಿವರ್ ಕ್ಲ್ಯಾಂಪೋ, ನಾಬ್ ಕ್ಲ್ಯಾಂಪೋ? ನಿಮ್ಮ ಪ್ಲೇಟನ್ನು ಕೇಳಿ

ಕ್ಯಾಮೆರಾವನ್ನು ಬೇಕಾದ ಕಡೆ ತಿರುಗಿಸುವ ಟ್ರೈಪಾಡ್ ಹೆಡ್ ಮೇಲೆ ಕೂತು ಪ್ಲೇಟನ್ನು ಕಚ್ಚಿ ಹಿಡಿಯುವ ಕ್ಲ್ಯಾಂಪನ್ನು ಹೆಚ್ಚಿನವರು ಹೆಡ್ ನೋಡಿ ಕೊಳ್ಳುತ್ತಾರೆ. ಕೊಳ್ಳಬೇಕಾದದ್ದು ಕ್ಯಾಮೆರಾದ ಅಡಿಗೆ ಕಚ್ಚಿಕೊಂಡಿರುವ ಪ್ಲೇಟ್ ನೋಡಿ. ಹೆಡ್ ಎಷ್ಟೇ ಗಟ್ಟಿಯಾಗಿರಲಿ, ಕಾಲುಗಳು ಎಷ್ಟೇ ದಪ್ಪವಿರಲಿ, ಪ್ಲೇಟ್ ಮತ್ತು ಕ್ಲ್ಯಾಂಪ್ ಒಂದಕ್ಕೊಂದು ಒಪ್ಪದಿದ್ದರೆ ಚಿತ್ರ ಅಲುಗುವುದು ಅಲ್ಲೇ. ಬಾಲ್ ಹೆಡ್ (ಗೋಳದ ಮೇಲೆ ಎತ್ತ ಬೇಕಾದರೂ ತಿರುಗುವುದು), ಗೇರ್ ಇರುವ ಹೆಡ್ (ಗುಂಡಿ ತಿರುಗಿಸಿ ಸ್ವಲ್ಪಸ್ವಲ್ಪವೇ ಸರಿಸುವುದು), ಗಿಂಬಲ್ (ಉದ್ದದ ಭಾರದ ಲೆನ್ಸನ್ನು ಸಮತೋಲದಲ್ಲಿ ತಿರುಗಿಸುವುದು) ಮೂರರ ಮೇಲೂ ಬೇರೆಬೇರೆ ಕ್ಲ್ಯಾಂಪ್, ಬ್ರಾಕೆಟ್ಟುಗಳನ್ನು (ಕ್ಯಾಮೆರಾದ ಅಡಿ, ಪಕ್ಕ ಎರಡನ್ನೂ ಅಪ್ಪುವ ಎಲ್ ಆಕಾರದ ಪ್ಲೇಟುಗಳನ್ನು) ಅದಲುಬದಲು ಮಾಡಿ ನೋಡಿದ ಮೇಲೆ ನನಗೆ ಈ ವಿಷಯದಲ್ಲಿ ಖಚಿತ ಅಭಿಪ್ರಾಯ ಬಂದಿದೆ. ಅದನ್ನು ಹೋಲಿಸಿಯೇ ಹೇಳುತ್ತೇನೆ.

ಮೊದಲು, ಪರೀಕ್ಷೆ ಮಾಡಿದ ಬಗೆ. ಕ್ಯಾಮೆರಾಕ್ಕೆ ಉದ್ದದ ಲೆನ್ಸ್ ಹಾಕಿ, ದೂರದ ಯಾವುದಾದರೂ ಚೂಪಾದ ಅಂಚಿಗೆ ಫೋಕಸ್ ಮಾಡಿ, ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಪರದೆಯ ಮೇಲೆ, ಚಿತ್ರವನ್ನು ಸಾಧ್ಯವಾದಷ್ಟು ಹಿಗ್ಗಿಸುತ್ತೇನೆ. ಆಮೇಲೆ ಲೆನ್ಸ್ ಹುಡ್‌ನ ತುದಿಯನ್ನು ಒಂದು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಡುತ್ತೇನೆ. ಒತ್ತಿದಾಗ ಚಿತ್ರ ಸರಿಯುವುದು ಸಹಜ, ಯಾವ ಲೋಹವೂ ಸ್ವಲ್ಪ ಬಾಗುತ್ತದೆ. ಬಿಟ್ಟ ಮೇಲೆ ಅಂಚು ಮೊದಲಿದ್ದ ಜಾಗಕ್ಕೇ ಮರಳಿದರೆ ಅದು ಬರೀ ಬಾಗು. ಮರಳದೆ ಪಕ್ಕದಲ್ಲೆಲ್ಲೋ ನಿಂತರೆ ಎಲ್ಲೋ ಒಂದು ಕಡೆ ಜಾರಿದೆ ಎಂದರ್ಥ. ಬಾಗು ಕೆಲವು ಸೆಕೆಂಡಿನಲ್ಲಿ ತಣ್ಣಗಾಗುತ್ತದೆ, ಜಾರುವುದಕ್ಕೆ ಮದ್ದಿಲ್ಲ. ಈ ಒಂದು ಪರೀಕ್ಷೆಯಲ್ಲೇ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳು ಬಗೆಹರಿಯುತ್ತವೆ.

ಈಗ ಎಲ್ಲರ ಬಾಯಲ್ಲೂ ಇರುವುದು ಆರ್ಕಾ-ಸ್ವಿಸ್ ಮಾದರಿ. ಪ್ಲೇಟಿನ ಎರಡು ಅಂಚುಗಳು 45 ಡಿಗ್ರಿ ಓರೆಯಾಗಿರುತ್ತವೆ, ಅಗಲ ಸುಮಾರು 38 ಮಿಲಿಮೀಟರ್, ಕ್ಲ್ಯಾಂಪಿನ ಎರಡು ದವಡೆಗಳು ಆ ಓರೆಯನ್ನು ಹಿಡಿದು ಪ್ಲೇಟನ್ನು ಕೆಳಕ್ಕೆ ಎಳೆದುಕೊಳ್ಳುತ್ತವೆ. ತೊಂದರೆ ಇರುವುದು ಆ ‘ಸುಮಾರು’ ಎಂಬಲ್ಲಿ. ಇದು ಒಂದು ಕಂಪನಿಯ ವಿನ್ಯಾಸವನ್ನು ಉಳಿದವರೆಲ್ಲ ಅನುಸರಿಸಿದ್ದರಿಂದ ಬಂದ ರೂಢಿ. ಕ್ಯಾಮೆರಾ ಅಡಿಯ 1/4 ಇಂಚಿನ ಮರೆಗೆ (ಸ್ಕ್ರೂ ಸುತ್ತುಗಳಿಗೆ) ಐಎಸ್‌ಒ 1222 ಎಂಬ ಅಂತರರಾಷ್ಟ್ರೀಯ ಮಾನಕ ಇರುವ ಹಾಗೆ ಇದರ ಬೆನ್ನಿಗೆ ಯಾವ ಮಾನಕವೂ ಇಲ್ಲ. ನನ್ನಲ್ಲಿರುವ ಪ್ಲೇಟುಗಳನ್ನು ಕ್ಯಾಲಿಪರ್‌ನಲ್ಲಿ ಹಿಡಿದರೆ ಅತಿ ಕಿರಿದಕ್ಕೂ ಅತಿ ಅಗಲದ್ದಕ್ಕೂ ಅರ್ಧ ಮಿಲಿಮೀಟರಿನಷ್ಟು ವ್ಯತ್ಯಾಸ ಕಾಣುತ್ತದೆ. ಕೆಲವದರ ಅಂಚು ಚೂಪು, ಕೆಲವದರದು ಮೊಂಡು. ದವಡೆ ತಾಗುವ ಜಾಗವೇ ಬದಲಾಗುತ್ತದೆ.

ಲಿವರ್ ಕ್ಲ್ಯಾಂಪು ಎಡವುವುದು ಇಲ್ಲಿಯೇ. ಲಿವರ್ ತಿರುಗಿಸಿದಾಗ ದವಡೆ ಚಲಿಸುವ ದೂರ ನಿಗದಿಯಾಗಿರುತ್ತದೆ, ಅದು ಅಷ್ಟೇ ಮುಚ್ಚುತ್ತದೆ. ಅದೇ ಕಂಪನಿಯ ಪ್ಲೇಟ್ ಹಾಕಿದರೆ ಕೊನೆಯಲ್ಲಿ ಸ್ವಲ್ಪ ಬಿಗಿ ಕೊಟ್ಟು ಟಕ್ಕನೆ ಕೂರುತ್ತದೆ, ಅದರ ಹಿತವೇ ಬೇರೆ. ಕಿರಿದಾದ ಪ್ಲೇಟ್ ಹಾಕಿದರೂ ಲಿವರ್ ಪೂರ್ತಿ ಮುಚ್ಚುತ್ತದೆ, ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಆದರೆ ಹೆಬ್ಬೆರಳಿನಿಂದ ತಳ್ಳಿದರೆ ಪ್ಲೇಟ್ ಸದ್ದಿಲ್ಲದೆ ಜಾರುತ್ತದೆ. ಅಗಲವಾದದ್ದನ್ನು ಹಾಕಿದರೆ ಲಿವರ್ ಅರ್ಧದಲ್ಲೇ ನಿಲ್ಲುತ್ತದೆ. ಕೈಬಲ ಹಾಕಿ ಒತ್ತಿ ನಿಲ್ಲಿಸಿದರೂ ಅದು ಲಾಕ್ ಆಗುವ ಬಿಂದುವನ್ನು ದಾಟಿರುವುದಿಲ್ಲ, ಬ್ಯಾಗಿನ ಪಟ್ಟಿಯೋ ಕ್ಯಾಮೆರಾ ಸ್ಟ್ರಾಪೋ ತಗುಲಿದರೆ ತೆರೆದುಕೊಳ್ಳಬಹುದು. ಎರಡರಲ್ಲಿ ಮೊದಲನೆಯದೇ ಹೆಚ್ಚು ಅಪಾಯ, ಏಕೆಂದರೆ ಅದು ಯಾವ ಸುಳಿವನ್ನೂ ಕೊಡುವುದಿಲ್ಲ.

ಬಿಗಿಯನ್ನು ಹೊಂದಿಸಲು ಪುಟ್ಟ ತಿರುಪು ಇರುವ ಲಿವರ್ ಕ್ಲ್ಯಾಂಪುಗಳೂ ಇವೆ. ಅಂಥದ್ದೊಂದನ್ನು ನನ್ನ ಬ್ರಾಕೆಟ್ಟಿಗೆ ಹೊಂದಿಸಿಕೊಂಡೆ, ಚೆನ್ನಾಗಿಯೇ ಹಿಡಿಯಿತು. ಲೆನ್ಸ್ ಕಾಲರಿನ (ಉದ್ದದ ಲೆನ್ಸನ್ನು ಸುತ್ತಿ ಹಿಡಿಯುವ ಬಳೆಯ) ಪಾದಕ್ಕೆ ಅದೇ ಹೊಂದಿಕೆ ಒಗ್ಗಲಿಲ್ಲ. ಪ್ರತಿ ಸಲ ಲೆನ್ಸ್ ಬದಲಿಸುವಾಗಲೂ ತಿರುಪು ತಿರುಗಿಸುವುದಾದರೆ ಲಿವರಿನ ವೇಗ ಎಲ್ಲಿ ಉಳಿಯಿತು?

ನಾಬ್ ಕ್ಲ್ಯಾಂಪ್ ಇದಕ್ಕೆ ತದ್ವಿರುದ್ಧ. ತಿರುಗಿಸುತ್ತಾ ಹೋದರೆ ಅದು ಪ್ಲೇಟಿನ ಅಗಲವನ್ನು ತಾನೇ ಹುಡುಕಿಕೊಳ್ಳುತ್ತದೆ. ಯಾವ ಕಂಪನಿಯ ಪ್ಲೇಟಾದರೂ ಚಿಂತೆಯಿಲ್ಲ, ಎಷ್ಟು ಬಿಗಿಯಾಯಿತು ಎಂಬುದು ಬೆರಳಿಗೇ ತಿಳಿಯುತ್ತದೆ. ನನ್ನ ಬೆರಳೊತ್ತಿನ ಪರೀಕ್ಷೆಯಲ್ಲಿ ಎಲ್ಲ ಪ್ಲೇಟುಗಳೊಂದಿಗೂ ಅಂಚನ್ನು ಹಿಂದಿನ ಜಾಗಕ್ಕೇ ತಂದದ್ದು ಇದೊಂದೇ. ನಿಧಾನ, ನಿಜ. ಒಂದು ಎಚ್ಚರಿಕೆಯೂ ಬೇಕು: ಪ್ಲೇಟಿನ ಒಂದು ಅಂಚು ದವಡೆಯ ಒಳಗೆ ಸೇರದೆ ತುಟಿಯ ಮೇಲೆ ಕೂತಿದ್ದರೂ ನಾಬ್ ಬಿಗಿಯಾದಂತೆ ಅನಿಸುತ್ತದೆ. ಹಾಗಾಗಿ ಬಿಗಿ ಮಾಡಿದ ಮೇಲೆ ತಲೆ ಬಗ್ಗಿಸಿ ಪಕ್ಕದಿಂದ ನೋಡಬೇಕು. ಪ್ಲೇಟಿನ ತಳಕ್ಕೂ ಕ್ಲ್ಯಾಂಪಿನ ಹಾಸಿಗೂ ನಡುವೆ ಬೆಳಕಿನ ಗೆರೆ ಕಂಡರೆ ಬಿಚ್ಚಿ ಮತ್ತೆ ಕೂರಿಸಿ. ಕತ್ತಲಲ್ಲಿ ಕೆಲಸ ಮಾಡುವವರು ಕ್ಯಾಮೆರಾವನ್ನು ಮೇಲಕ್ಕೊಮ್ಮೆ ಎಳೆದು ನೋಡಿಯೇ ಕೈ ಬಿಡಲಿ.

ಮೂರನೆಯ ಪಂಗಡ ಮ್ಯಾನ್‌ಫ್ರೊಟ್ಟೊ ಕಂಪನಿಯದೇ ಆದ ಆರ್‌ಸಿ2 ಎಂಬ ಕ್ಲ್ಯಾಂಪ್-ಪ್ಲೇಟ್ ಜೋಡಿ. ಇಷ್ಟು ವೇಗವಾಗಿ ಕ್ಯಾಮೆರಾ ಕೂರಿಸುವ ವ್ಯವಸ್ಥೆಯನ್ನು ನಾನು ಬೇರೆ ಕಂಡಿಲ್ಲ. ಪ್ಲೇಟನ್ನು ಮೇಲಿನಿಂದ ಒತ್ತಿದರೆ ಸಾಕು, ಒಳಗಿನ ಪುಟ್ಟ ಗುಂಡಿ ಅದುಮಿ ಲಿವರ್ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಒಂದೇ ಕ್ಯಾಮೆರಾ, ಹಗುರ ಲೆನ್ಸ್, ಅಡ್ಡ ಚೌಕಟ್ಟಿನ ಚಿತ್ರ ಎಂದಾದರೆ ಅದನ್ನು ಬದಲಿಸುವ ಅಗತ್ಯವೇ ಇಲ್ಲ. ಆದರೆ ಅದರಲ್ಲಿ ಪ್ಲೇಟಿಗೆ ಒಂದೇ ಜಾಗ. ಹಿಂದೆ ಮುಂದೆ ಸರಿಸಿ ಭಾರ ಹೊಂದಿಸಲಾಗದು. ಎಲ್ ಬ್ರಾಕೆಟ್ಟುಗಳೂ ಲೆನ್ಸ್ ಪಾದಗಳೂ ಬರುವುದು ಬಹುಪಾಲು ಆರ್ಕಾ ಓರೆಯಲ್ಲೇ. ಟ್ಯಾಮ್ರಾನ್ 150-600 ಜಿ2 ಲೆನ್ಸಿನ ಪಾದವೇ ಆರ್ಕಾ ಓರೆಯೊಂದಿಗೆ ಬರುತ್ತದೆ, ಅದಕ್ಕೆ ಪ್ರತ್ಯೇಕ ಪ್ಲೇಟೇ ಬೇಡ.

ಎರಡೂ ಬೇಕೆನ್ನುವವರಿಗೆ 200ಪಿಎಲ್-ಪ್ರೊ ಎಂಬ ಮ್ಯಾನ್‌ಫ್ರೊಟ್ಟೊ ಪ್ಲೇಟ್ ಇದೆ, ಅದು ಆರ್‌ಸಿ2ಗೂ ಆರ್ಕಾ ಕ್ಲ್ಯಾಂಪಿಗೂ ಕೂರುತ್ತದೆ. ಆರ್‌ಸಿ2 ಪ್ಲೇಟಿನ ಮೇಲೆ ಆರ್ಕಾ ಕ್ಲ್ಯಾಂಪನ್ನು ಸ್ಕ್ರೂ ಮಾಡಿಕೊಳ್ಳುವವರೂ ಇದ್ದಾರೆ. ಅದನ್ನೂ ಮಾಡಿ ನೋಡಿದೆ, ನನಗೆ ಸೇರಲಿಲ್ಲ. ಎತ್ತರ ಹೆಚ್ಚುತ್ತದೆ, ಕೀಲು ಒಂದಿದ್ದಲ್ಲಿ ಎರಡಾಗುತ್ತದೆ, ಬೆರಳೊತ್ತಿದ ಮೇಲೆ ಚಿತ್ರ ನಿಲ್ಲಲು ತೆಗೆದುಕೊಳ್ಳುವ ಹೊತ್ತು ಕಣ್ಣಿಗೇ ಕಾಣುವಷ್ಟು ಬೆಳೆಯುತ್ತದೆ. ಸಾಧ್ಯವಿದ್ದರೆ ಹೆಡ್ಡಿನ ಮೇಲಿರುವ ಆರ್‌ಸಿ2 ತಟ್ಟೆಯನ್ನು ಪೂರ್ತಿ ಬಿಚ್ಚಿ ಕ್ಲ್ಯಾಂಪನ್ನು ನೇರ ಹೆಡ್ಡಿಗೇ ಕೂರಿಸುವುದು ಮೇಲು.

ಹಾಗೆ ಕೂರಿಸುವಾಗ ನೋಡಬೇಕಾದದ್ದು ನಡುವಿನ ಬೋಲ್ಟ್. ಹೆಡ್ಡುಗಳಲ್ಲಿ 1/4 ಇಂಚು, 3/8 ಇಂಚು, ಎಂ6 ಮೂರೂ ಸಿಗುತ್ತವೆ. 3/8 ದಪ್ಪ, ನೋಡಿದರೇ ಗೊತ್ತಾಗುತ್ತದೆ. ಮೋಸ ಮಾಡುವುದು ಉಳಿದೆರಡು: 1/4 ಇಂಚೆಂದರೆ 6.35 ಮಿಮೀ, ಎಂ6 ಎಂದರೆ 6 ಮಿಮೀ. ಮೊದಲನೆಯದರ ಮರೆಗಳ ನಡುವಿನ ಅಂತರ 1.27 ಮಿಮೀ, ಎರಡನೆಯದರದು 1 ಮಿಮೀ. ಎಂ6 ಬೋಲ್ಟನ್ನು 1/4 ಇಂಚಿನ ರಂಧ್ರಕ್ಕೆ ಹಾಕಿದರೆ ಒಂದೆರಡು ಸುತ್ತು ಸಡಿಲವಾಗಿ ಹೋಗಿ ಆಮೇಲೆ ಬಿಗಿಯಾದಂತೆ ತೋರುತ್ತದೆ. ಅದು ಬಿಗಿಯಲ್ಲ, ಮರೆ ಹಾಳಾಗುತ್ತಿರುವ ಲಕ್ಷಣ. ಬೆರಳಲ್ಲೇ ಕೊನೆಯವರೆಗೆ ಸಲೀಸಾಗಿ ತಿರುಗುವ ಬೋಲ್ಟೇ ಸರಿಯಾದ ಬೋಲ್ಟ್. ಒಂದೇ ಬೋಲ್ಟಿನ ಮೇಲೆ ನಿಂತ ಕ್ಲ್ಯಾಂಪ್ ಕ್ಯಾಮೆರಾ ತಿರುಗಿಸುವಾಗ ತಾನೂ ತಿರುಗಿ ಸಡಿಲವಾಗಬಲ್ಲದು, ಆದ್ದರಿಂದ ಲಾಕ್‌ಟೈಟ್ 243ರಂಥ ನೀಲಿ ಅಂಟನ್ನು ಒಂದು ಹನಿ ಹಾಕುತ್ತೇನೆ. ಬೇಕಾದಾಗ ಕೈ ಉಪಕರಣದಿಂದಲೇ ಬಿಚ್ಚಲು ಬರುತ್ತದೆ.

ಇನ್ನು ಕ್ಯಾಮೆರಾ ಕಡೆಗೆ ಬರೋಣ. ಎಲ್ಲ ಕ್ಯಾಮೆರಾಗಳಿಗೂ ಆಗುವ ಚಪ್ಪಟೆ ಪ್ಲೇಟ್ ಒಂದೇ ಸ್ಕ್ರೂ ಮೇಲೆ ನಿಂತಿರುತ್ತದೆ. ಕ್ಯಾಮೆರಾ ಅಡ್ಡವಿದ್ದಾಗ ಅದರ ಬಗ್ಗೆ ನನಗೆ ದೂರಿಲ್ಲ. ಲಂಬ ಚೌಕಟ್ಟಿಗೆ ಹೆಡ್ಡನ್ನು ಪಕ್ಕಕ್ಕೆ ಮಲಗಿಸಿದ ಕೂಡಲೇ ಲೆನ್ಸಿನ ಭಾರ ಆ ಸ್ಕ್ರೂವನ್ನೇ ಅಚ್ಚಾಗಿಸಿಕೊಂಡು ಮೂಗನ್ನು ಕೆಳಗಿಳಿಸುತ್ತದೆ. ಸ್ಕ್ರೂವನ್ನು ಇನ್ನಷ್ಟು ಬಿಗಿ ಮಾಡಿದರೂ ಪ್ಲೇಟಿನ ಮೇಲಿನ ರಬ್ಬರ್ ಹಿಂಡಿಕೊಳ್ಳುತ್ತದೆಯೇ ಹೊರತು ತಿರುಗುವುದು ಪೂರ್ತಿ ನಿಲ್ಲುವುದಿಲ್ಲ. ಕ್ಯಾಮೆರಾದ ಮೈಯನ್ನು ತಬ್ಬುವ ಪುಟ್ಟ ತುಟಿ ಇರುವ, ಆ ಮಾದರಿಗೆಂದೇ ಕೊರೆದ ಪ್ಲೇಟಿನಲ್ಲಿ ಈ ತೊಂದರೆ ಇಲ್ಲ.

ಅದಕ್ಕಿಂತಲೂ ಒಳ್ಳೆಯದು ಎಲ್ ಬ್ರಾಕೆಟ್. ಇದರ ಬಗ್ಗೆ ನನಗೆ ಪಕ್ಷಪಾತವಿದೆ, ಮುಚ್ಚಿಡುವುದಿಲ್ಲ. ಹೆಡ್ಡನ್ನು ಮಲಗಿಸುವ ಬದಲು ಕ್ಯಾಮೆರಾವನ್ನೇ ಬಿಚ್ಚಿ ಪಕ್ಕದ ತೋಳಿನ ಮೇಲೆ ನಿಲ್ಲಿಸಿದರೆ ಭಾರ ಟ್ರೈಪಾಡಿನ ನಡುವೆಯೇ ಉಳಿಯುತ್ತದೆ, ಲೆನ್ಸ್ ಹೆಚ್ಚುಕಡಿಮೆ ಅದೇ ಜಾಗದಲ್ಲಿರುತ್ತದೆ, ನೋಟ ಬದಲಾಗುವುದಿಲ್ಲ. ಹತ್ತಿರದ ವಸ್ತುಗಳನ್ನು ತೆಗೆಯುವವರಿಗೆ, ಲಂಬ ಚಿತ್ರಗಳನ್ನು ಜೋಡಿಸಿ ಪನೋರಮಾ ಮಾಡುವವರಿಗೆ ಇದರ ಬೆಲೆ ಗೊತ್ತು.

ಬ್ರಾಕೆಟ್ಟಿನಲ್ಲೂ ಎರಡು ಬಗೆ. ಒಂದೇ ತುಂಡಿನಲ್ಲಿ ಕೊರೆದದ್ದು ಅತ್ಯಂತ ಗಟ್ಟಿ, ಬ್ಯಾಟರಿ ಬಾಗಿಲಿಗೂ ಕೇಬಲ್ಲಿಗೂ ಸರಿಯಾದ ಕಡೆ ಜಾಗ ಬಿಟ್ಟಿರುತ್ತದೆ, ಆದರೆ ಕ್ಯಾಮೆರಾ ಬದಲಾದರೆ ಮೂಲೆ ಸೇರುತ್ತದೆ. ಎರಡು ತುಂಡಿನದರಲ್ಲಿ ಪಕ್ಕದ ತೋಳನ್ನು ಹೊರಕ್ಕೆ ಎಳೆಯಬಹುದು, ಕೇಬಲ್ ಹಾಕಲು, ಎಡಕ್ಕೆ ತೆರೆಯುವ ಪರದೆಯನ್ನು ಬಿಡಿಸಲು ಅನುಕೂಲ. ತೋಳನ್ನು ಒಳಕ್ಕೆ ತಳ್ಳಿದ್ದಾಗ ಎರಡಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಎರಡು ಬೆರಳಿನಷ್ಟು ಹೊರಗೆಳೆದು ಲಂಬವಾಗಿ ನಿಲ್ಲಿಸಿದಾಗ ಚಿತ್ರ ತೂಗಾಡಿ ನಿಲ್ಲಲು ಹೆಚ್ಚು ಹೊತ್ತು ಬೇಕಾಯಿತು, ಆದರೂ ಮರಳಿ ಅದೇ ಜಾಗಕ್ಕೆ ಬಂತು. ರಿಮೋಟ್ ಬಳಸಿ ಒಂದು ಕ್ಷಣ ಕಾಯುವ ತಾಳ್ಮೆ ಇದ್ದವರಿಗೆ ಎರಡು ತುಂಡಿನದೇ ಸಾಕು.

ಬಹಳ ಜನ ಕೊನೆಯಲ್ಲಿ ಗಮನಿಸುವ ಸಂಗತಿ ದಿಕ್ಕು. ಬ್ರಾಕೆಟ್ಟಿನ ತಳದ ಓರೆ ಕ್ಯಾಮೆರಾದ ಎಡಬಲಕ್ಕೆ ಸಾಗುತ್ತದೆ, ಲೆನ್ಸ್ ಪಾದದ ಓರೆ ಲೆನ್ಸಿನ ಉದ್ದಕ್ಕೆ. ಅಂದರೆ ಒಂದಕ್ಕೆ ದವಡೆಗಳು ಹಿಂದೆ ಮುಂದೆ ಇರಬೇಕು, ಇನ್ನೊಂದಕ್ಕೆ ಎಡ ಬಲ. ಬಾಲ್ ಹೆಡ್ಡಿನಲ್ಲಿ ಗೋಳವನ್ನೇ 90 ಡಿಗ್ರಿ ತಿರುಗಿಸಿದರೆ ಮುಗಿಯಿತು. ಗೇರ್ ಹೆಡ್ಡಿನಲ್ಲಿ ಹಾಗಾಗದು: ಕ್ಲ್ಯಾಂಪ್ ತಪ್ಪು ದಿಕ್ಕಿನಲ್ಲಿದ್ದರೆ ಮೇಲೆ ಕೆಳಗೆ ಮಾಡಬೇಕಾದ ಗುಂಡಿ ಕ್ಯಾಮೆರಾವನ್ನು ಪಕ್ಕಕ್ಕೆ ವಾಲಿಸುತ್ತದೆ. ಕ್ಲ್ಯಾಂಪನ್ನೇ ಬಿಚ್ಚಿ ತಿರುಗಿಸಿ ಕೂರಿಸಬೇಕು. ಗಿಂಬಲ್ ಹುಟ್ಟಿರುವುದೇ ಲೆನ್ಸ್ ಪಾದಕ್ಕೆ, ಅದರಲ್ಲಿ ಮಾಮೂಲಿ ಬ್ರಾಕೆಟ್ ಕೂರಿಸಿದರೆ ಲೆನ್ಸ್ ಪಕ್ಕಕ್ಕೆ ನೋಡುತ್ತದೆ. ಪೀಕ್ ಡಿಸೈನ್‌ನ ಕ್ಯಾಪ್ಚರ್ ಪ್ಲೇಟಿನಂತೆ ನಾಲ್ಕೂ ಕಡೆ ಓರೆ ಇರುವ ಚೌಕ ಪ್ಲೇಟುಗಳಿಗೆ ಈ ದಿಕ್ಕಿನ ತಕರಾರೇ ಇಲ್ಲ, ಅದು ಅವುಗಳ ದೊಡ್ಡ ಗುಣ.

ಪ್ಲೇಟಿನ ಅಡಿಯ ತುದಿಗಳಲ್ಲಿ ಕಾಣುವ ಸಣ್ಣ ತಡೆ ಸ್ಕ್ರೂಗಳನ್ನು ಮರೆಯಬೇಡಿ. ಹಿಡಿತ ಸಡಿಲವಾದರೂ ಕ್ಯಾಮೆರಾ ಪಕ್ಕಕ್ಕೆ ಜಾರಿ ಬೀಳದಂತೆ ಅವು ತಡೆಯುತ್ತವೆ, ಆದರೆ ಕ್ಲ್ಯಾಂಪಿನ ಹಾಸಿನಲ್ಲಿ ಅವಕ್ಕೆ ತೋಡು ಇರಬೇಕು. ಇಲ್ಲದಿದ್ದರೆ ಪ್ಲೇಟ್ ಆ ಸ್ಕ್ರೂಗಳ ತಲೆಯ ಮೇಲೆ ನಿಂತು ಎಷ್ಟು ಬಿಗಿ ಮಾಡಿದರೂ ತೊನೆಯುತ್ತದೆ. ದವಡೆ ಸಾಕಷ್ಟು ತೆರೆಯದ ಲಿವರ್ ಕ್ಲ್ಯಾಂಪಿನಲ್ಲಿ ಪ್ಲೇಟನ್ನು ಪಕ್ಕದಿಂದಲೇ ತೂರಿಸಬೇಕಾಗುತ್ತದೆ, ಆಗ ಇದೇ ಸ್ಕ್ರೂಗಳು ಅಡ್ಡಬರುತ್ತವೆ. ಅವನ್ನು ಬಿಚ್ಚಿ ಬಳಸುವುದಕ್ಕಿಂತ ಕ್ಲ್ಯಾಂಪ್ ಬದಲಿಸುವುದೇ ಲೇಸೆಂದು ನಾನು ಹೇಳುವೆ.

ಈಗ ನನ್ನ ಬಾಲ್ ಹೆಡ್ಡಿನ ಮೇಲಿರುವುದು 60 ಮಿಮೀ ಉದ್ದದ ನಾಬ್ ಕ್ಲ್ಯಾಂಪ್, ಏಕೆಂದರೆ ಎಲ್ಲ ಬಗೆಯ ಪ್ಲೇಟುಗಳೂ ಬಂದು ಹೋಗುವುದು ಅಲ್ಲಿಯೇ. ಗೇರ್ ಹೆಡ್ಡಿಗೆ, ಒಂದೇ ಎಲ್ ಬ್ರಾಕೆಟ್ಟಿಗೆ ಹೊಂದಿಸಿದ ಲಿವರ್. ಆ ಜೋಡಿಯಲ್ಲಿ ಲಿವರಿಗೆ ಸಾಟಿಯಿಲ್ಲ: ಅಡ್ಡದಿಂದ ಲಂಬಕ್ಕೆ ದಿನವಿಡೀ ಬದಲಿಸಿದರೂ ಕೈ ಸೋಲುವುದಿಲ್ಲ. ನಿಮ್ಮ ಪ್ಲೇಟುಗಳೆಲ್ಲ ಒಂದೇ ಕಂಪನಿಯವಾದರೆ ಅದೇ ಕಂಪನಿಯ ಲಿವರ್ ಕ್ಲ್ಯಾಂಪನ್ನು ಧೈರ್ಯವಾಗಿ ತೆಗೆದುಕೊಳ್ಳಿ. ಒಂದೊಂದು ಒಂದೊಂದು ಕಡೆಯಿಂದ ಬಂದಿದ್ದರೆ ನಾಬ್ ಬಿಟ್ಟು ಬೇರೆ ಯೋಚಿಸಬೇಡಿ. ಜೊತೆಗೆ ಅಲೆನ್ ಕೀ ಇಟ್ಟುಕೊಳ್ಳುವಾಗ 4 ಮಿಮೀ ಮತ್ತು 5/32 ಇಂಚು ಎರಡನ್ನೂ ಇಟ್ಟುಕೊಳ್ಳಿ. ಎರಡರ ನಡುವೆ ಕೂದಲೆಳೆಯ ಅಂತರ, ಆದರೆ ಇಂಚಿನ ಸ್ಕ್ರೂ ತಲೆಯೊಳಗೆ ಮಿಲಿಮೀಟರ್ ಕೀ ಸಲೀಸಾಗಿ ಇಳಿಯುವುದಿಲ್ಲ, ಬಲವಂತ ಮಾಡಿದರೆ ಹಾಳಾಗುವುದು ಸ್ಕ್ರೂ.