ಮಧ್ಯಾಹ್ನ 12.30ರ ಡಬ್ಬಿ: ರೊಟ್ಟಿ, ತಟ್ಟೆ ಇಡ್ಲಿ, ಚಿತ್ರಾನ್ನ, ರಾಗಿ ದೋಸೆ

ಬೆಳಿಗ್ಗೆ 7.30ಕ್ಕೆ ನಾನು ತುಂಬಿದ ಡಬ್ಬಿಯನ್ನು ಮಗಳು ತೆರೆಯುವುದು 12.30ಕ್ಕೆ. ಒಲೆಯಿಂದ ಇಳಿಸಿದಾಗ ಎಲ್ಲವೂ ರುಚಿಯೇ. ಐದು ಗಂಟೆ ಕಳೆದ ಮೇಲೆ? ಮೂರನೇ ಕ್ಲಾಸಿನ ಮಗು, ಅರ್ಧ ಊಟ ವಾಪಸ್ ತರುತ್ತಿದ್ದಳು. ಗದರಿಸಿದರೂ ಪ್ರಯೋಜನವಾಗಲಿಲ್ಲ. ಕೊನೆಗೆ ಅದೇ ತಿಂಡಿಯನ್ನು ಇನ್ನೊಂದು ಸ್ಟೀಲ್ ಡಬ್ಬಿಗೆ ತುಂಬಿಟ್ಟು, ಅವಳು ತಿನ್ನುವ ಹೊತ್ತಿಗೇ ನಾನೂ ತಿಂದೆ. ಒಂದು ತಿಂಗಳು ಹೀಗೇ ನಡೆಸಿದೆ.

ಮೊದಲು ರಾಗಿ ರೊಟ್ಟಿ. ನಮ್ಮ ತುಮಕೂರು ಕಡೆ ರಾಗಿ ಇಲ್ಲದ ಮನೆ ಉಂಟಾ? 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಅಷ್ಟೇ ಹಾಲಿನಲ್ಲಿ ಇರುವುದು ಸುಮಾರು 120. ಬೆಳೆಯುವ ಮಕ್ಕಳಿಗೆ ಇದಕ್ಕಿಂತ ಇನ್ನೇನು ಬೇಕು ಅಂದುಕೊಂಡಿದ್ದೆ. ಆದರೆ ಮಧ್ಯಾಹ್ನ ಆ ರೊಟ್ಟಿ ಮುರಿಯಲು ನನ್ನ ಕೈಗೇ ಕಷ್ಟವಾಯಿತು. ಎಂಟು ವರ್ಷದ ಮಗು ಹೇಗೆ ತಿನ್ನಬೇಕು? ಆ ದಿನ ನಿಜಕ್ಕೂ ಬೇಜಾರಾಯಿತು. ಆಮೇಲೆ ಹಿಟ್ಟನ್ನು ಕುದಿಯುವ ನೀರಲ್ಲಿ ಕಲಸಿದೆ. ನುಗ್ಗೆಸೊಪ್ಪು, ಈರುಳ್ಳಿ, ಕಾಯಿತುರಿ ಧಾರಾಳವಾಗಿ ಹಾಕಿ, ಬೇಯುವಾಗ ಮುಚ್ಚಳ ಮುಚ್ಚಿದೆ. ಮೆತ್ತಗಾಯಿತು, ಆದರೂ ಅಂಚು ಗಟ್ಟಿಯೇ.

ತಟ್ಟೆ ಇಡ್ಲಿ ಇದಕ್ಕೆ ತದ್ವಿರುದ್ಧ. ಕ್ಯಾತ್ಸಂದ್ರದ ಹೋಟೆಲುಗಳಲ್ಲಿ ತಿಂದವರಿಗೆ ಆ ಮೆದು ಗೊತ್ತೇ ಇದೆ. ಮನೆಯಲ್ಲೂ ಒಂದು ಹಿಡಿ ಅವಲಕ್ಕಿ ಸೇರಿಸಿ ರುಬ್ಬಿದರೆ ಮಧ್ಯಾಹ್ನದವರೆಗೆ ಮೆತ್ತಗೇ ಇರುತ್ತದೆ. ನಾಲ್ಕು ತುಂಡು ಮಾಡಿದರೆ ಡಬ್ಬಿಗೂ ಹಿಡಿಸುತ್ತದೆ. ತೊಂದರೆ ಚಟ್ನಿಯದು. ಮಾರ್ಚ್ ಬಿಸಿಲಿಗೆ ಕಾಯಿಚಟ್ನಿ ಒಂದೇ ದಿನ ಕಳಿಸಿದ್ದು, ತೆರೆದಾಗಲೇ ಹುಳಿ ವಾಸನೆ. ಇನ್ನು ಬೇಸಿಗೆಯಲ್ಲಿ ಅದನ್ನು ಕಳಿಸಲ್ಲ. ತುಪ್ಪ ಸವರಿ, ಮೇಲೆ ಕಡ್ಲೆಬೀಜದ ಚಟ್ನಿಪುಡಿ ಉದುರಿಸುತ್ತೇನೆ.

ಚಿತ್ರಾನ್ನ ಹತ್ತು ನಿಮಿಷದ ಕೆಲಸ, ಡಬ್ಬಿಯೂ ಖಾಲಿಯಾಗುತ್ತದೆ. ಆದರೆ ಮೂರೂವರೆಗೆ ಮನೆಗೆ ಬಂದವಳು ಬ್ಯಾಗ್ ಇಳಿಸುವ ಮೊದಲೇ ಹಸಿವು ಅನ್ನುತ್ತಾಳೆ. ಕಡ್ಲೆಬೀಜ, ಬಟಾಣಿ ಜಾಸ್ತಿ ಹಾಕಿದರೆ ಪರವಾಗಿಲ್ಲ.

ರಾಗಿ ದೋಸೆಗೆ ನಾನು ಆಸೆ ಇಟ್ಟುಕೊಂಡಿರಲಿಲ್ಲ. ದೊಡ್ಡ ದೋಸೆ ಮಡಚಿ ಕಳಿಸಿದ ದಿನ ಹಾಗೇ ವಾಪಸ್ ಬಂತು. ಯಾಕೆ ಅಂತ ಮೆಲ್ಲಗೆ ಕೇಳಿದೆ. ಕಪ್ಪು ದೋಸೆ ಅಂತ ಪಕ್ಕದ ಹುಡುಗಿ ಅಂದಳಂತೆ, ಅದಕ್ಕೆ ಮುಚ್ಚಳ ಮುಚ್ಚಿಬಿಟ್ಟಳಂತೆ. ಮಕ್ಕಳಿಗೆ ನೋಟವೂ ಊಟದ ಭಾಗ ಅಲ್ವಾ? ಮರುವಾರ ಅದೇ ಹಿಟ್ಟನ್ನು ಅಂಗೈಗಿಂತ ಚಿಕ್ಕದಾಗಿ ಹುಯ್ದೆ. ಮೇಲೆ ಕ್ಯಾರೆಟ್ ತುರಿ, ಕೊತ್ತಂಬರಿ ಸೊಪ್ಪು. ಆರು ಪುಟಾಣಿ ದೋಸೆ, ಬದಿಯಲ್ಲಿ ಬೆಲ್ಲದ ತುಂಡು, ನಾಲ್ಕು ಸೀಬೆ ಹೋಳು. ಉದ್ದಿನಬೇಳೆ ಜೊತೆ ಹುಳಿ ಬಂದ ಹಿಟ್ಟಾದ್ದರಿಂದ ಮಧ್ಯಾಹ್ನಕ್ಕೂ ಮೆತ್ತಗಿತ್ತು. ಅದೂ ಪೂರ್ತಿ ಆರಿದ ಮೇಲೆ ಮುಚ್ಚಳ ಹಾಕಿದ್ದಕ್ಕೆ. ಹಬೆ ಆಡುವಾಗಲೇ ಮುಚ್ಚಿದರೆ ನೀರು ಇಳಿದು ಎಲ್ಲಾ ಅಂಟಿಕೊಳ್ಳುತ್ತದೆ.

ಈಗ ವಾರಕ್ಕೆ ಎರಡು ದಿನ ಪುಟಾಣಿ ದೋಸೆ, ಎರಡು ದಿನ ತಟ್ಟೆ ಇಡ್ಲಿ, ಒಂದು ದಿನ ಚಿತ್ರಾನ್ನ. ರೊಟ್ಟಿ ಭಾನುವಾರ ಮನೆಯಲ್ಲಿ, ಕಾವಲಿಯಿಂದ ನೇರ ತಟ್ಟೆಗೆ.