ಯುದ್ಧಕಾಲದ ಹಳೇ ಫೋಟೋಗಳನ್ನು ‘ಹೊಸದು’ ಮಾಡಿಸುವ ಮುನ್ನ

ಮನೆಯಲ್ಲಿ ತಾತನ ಕಾಲದ ಮಿಲಿಟರಿ ಫೋಟೋಗಳಿದ್ದರೆ, ‘ಹೊಸದರ ಹಾಗೆ ಮಾಡಿಕೊಡ್ತೀವಿ’ ಅನ್ನುವವರ ಕೈಗೆ ದಯವಿಟ್ಟು ಕೊಡಬೇಡಿ. ನಮ್ಮ ಮನೆಯ ಆಲ್ಬಮ್ ಹಾಗೇ ಹಾಳಾಯಿತು.

ನಮ್ಮ ತಾತ ಮದ್ರಾಸ್ ಸ್ಯಾಪರ್ಸ್‌ನಲ್ಲಿ, ಅಂದರೆ ಸೇನೆಗೆ ಸೇತುವೆ, ರಸ್ತೆ ಕಟ್ಟುವ ಎಂಜಿನಿಯರ್ ದಳದಲ್ಲಿ, ಸಾಮಾನ್ಯ ಸೈನಿಕ. ಹಲಸೂರಿನಲ್ಲಿ ತರಬೇತಿ, ಆಮೇಲೆ ಬರ್ಮಾ. ಬಾಕ್ಸ್ ಕ್ಯಾಮೆರಾದಲ್ಲಿ ತೆಗೆದ ಪುಟ್ಟ ಪುಟ್ಟ ಚಿತ್ರಗಳು. ಕೆಸರಲ್ಲಿ ಹೂತ ಲಾರಿ, ಅಡುಗೆ ಒಲೆ, 1944ರ ಡಿಸೆಂಬರ್‌ನಲ್ಲಿ ಕಲೇವಾದ ಹತ್ತಿರ ಚಿಂದ್ವಿನ್ ನದಿಗೆ ಕಟ್ಟಿದ ಬೈಲಿ ಸೇತುವೆ (ಸಿದ್ಧ ಉಕ್ಕಿನ ಚೌಕಟ್ಟುಗಳನ್ನು ಜೋಡಿಸಿ ಬೇಗ ಕಟ್ಟುವಂಥದ್ದು). 1,154 ಅಡಿ ಉದ್ದದ ಆ ಸೇತುವೆಯ ಫೋಟೋವನ್ನು ಸೇನೆಯ ಫೋಟೋಗ್ರಾಫರ್‌ಗಳೂ ತೆಗೆದಿದ್ದಾರೆ. ಆದರೆ ದಡದಲ್ಲಿ ಕೂತು ಬೀಡಿ ಸೇದುತ್ತಿದ್ದ ಹುಡುಗರು ಯಾರು, ಯಾವ ಊರಿನವರು ಅಂತ ಬರೆದಿಟ್ಟದ್ದು ತಾತ ಮಾತ್ರ. ಫೋಟೋದ ಹಿಂದೆ, ಪೆನ್ಸಿಲ್‌ನಲ್ಲಿ. ಮೇಲಂಚಿಗಷ್ಟೇ ಅಂಟು ಹಾಕಿದ್ದರಿಂದ ಎತ್ತಿ ಓದಬಹುದಿತ್ತು.

ಸ್ಟುಡಿಯೋದವರು ಒಪ್ಪಿಕೊಂಡದ್ದು ಬರೀ ಸ್ಕ್ಯಾನ್. ಮಾಡಿದ್ದೇ ಬೇರೆ. ಅಂಚಿನಲ್ಲಿದ್ದ ನೀಲಿ ಹೊಳಪನ್ನು ಕೊಳೆ ಅಂದುಕೊಂಡು ಒದ್ದೆ ಬಟ್ಟೆಯಲ್ಲಿ ಉಜ್ಜಿದರು. ಅದು ಕೊಳೆಯಲ್ಲ, ಫೋಟೋದೊಳಗಿನ ಬೆಳ್ಳಿಯೇ ಮೇಲೆ ಬಂದಿರುವುದು. ಚಿತ್ರವನ್ನು ಹಿಡಿದಿಟ್ಟಿರುವ ಜೆಲಟಿನ್ ಪದರ ನೀರು ತಾಗಿ ಊದಿ, ಮುಖಗಳು ಕಲಸಿಹೋದವು. ಆಮೇಲೆ ‘ಬಾಳಿಕೆ ಬರಲಿ’ ಅಂತ ಮರದ ಹಲಗೆಗೆ ಅಂಟಿಸಿ ಬಿಸಿ ಲ್ಯಾಮಿನೇಷನ್ ಮಾಡಿದರು. ಅದನ್ನು ಬಿಡಿಸಲು ಹೋದರೆ ಫೋಟೋನೇ ಕಿತ್ತುಬರುತ್ತದೆ. ಹೆಸರುಗಳೆಲ್ಲ ಹಲಗೆಗೆ ಅಂಟಿಕೊಂಡು ಕೂತಿವೆ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಜೊತೆಗೆ ಎಐ ಬಣ್ಣ ಬೇರೆ. ಬರ್ಮಾದಲ್ಲಿ ಆ ಹೊತ್ತಿಗೆ ನಮ್ಮವರು ತೊಡುತ್ತಿದ್ದದ್ದು ಕಾಡಿನ ಹಸಿರು ಬಣ್ಣದ ಸಮವಸ್ತ್ರ. ಬಂದದ್ದು ಖಾಕಿ. ಮಸುಕಾಗಿದ್ದ ಮುಖಗಳ ಜಾಗದಲ್ಲಿ ಯಾರದ್ದೋ ನುಣುಪಾದ ಮುಖ. ಅಜ್ಜಿಗೆ ತೋರಿಸಿದರೆ ‘ಇವರು ಯಾರು?’ ಅಂದರು. ತೋರಿಸಿದ್ದು ತಾತನದೇ ಫೋಟೋ.

ಸ್ಕ್ಯಾನ್ ಮಾಡಿಸಲೇಬೇಕು ಅಂದರೆ ಕಣ್ಣೆದುರೇ ಮಾಡಿಸಿ, ಇಲ್ಲವೇ ಸ್ಕ್ಯಾನರ್ ಬಾಡಿಗೆಗೆ ತನ್ನಿ. ಮೊದಲು ಆಲ್ಬಮ್ಮಿನ ಇಡೀ ಪುಟದ ಫೋಟೋ ತೆಗೆಯಿರಿ, ಯಾವುದರ ಪಕ್ಕ ಯಾವುದಿತ್ತು ಅನ್ನುವುದೂ ಮುಖ್ಯ ಅಲ್ವಾ. ಚಿಕ್ಕ ಪ್ರಿಂಟ್‌ಗಳಿಗೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಸ್ಕ್ಯಾನ್ ಅಳತೆ) ಸಾಲದು, 1200 ಇಡಿ. ಹಿಂಬದಿಯನ್ನೂ ಬಿಡಬೇಡಿ. ಅಂಟಿಕೊಂಡಿರುವ ಫೋಟೋವನ್ನು ಎಳೆಯಬೇಡಿ, ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಡಬೇಡಿ. ಬಣ್ಣ ಹಾಕಿಸುವ ಆಸೆ ಇದ್ದರೆ ಕಾಪಿ ಮೇಲಷ್ಟೇ ಹಾಕಿಸಿ, ‘ಇದು ಬಣ್ಣ ಹಾಕಿದ್ದು’ ಅಂತ ಫೈಲಿನ ಹೆಸರಲ್ಲೇ ಬರೆದಿಡಿ.