ಒಂದು ಅಂಗಡಿ, ಒಬ್ಬ ಬ್ರೀಡರ್: ಎರಡು ಬಾರಿ ಶುಗರ್ ಗ್ಲೈಡರ್ ಕೊಂಡ ಅನುಭವ

ಹದಿನಾಲ್ಕು ತಿಂಗಳ ಅಂತರದಲ್ಲಿ ಕೊಡಗಿನ ಮಾದಾಪುರದ ಹತ್ತಿರವಿರುವ ನಮ್ಮ ಮನೆಗೆ ಎರಡು ಶುಗರ್ ಗ್ಲೈಡರ್‌ಗಳು (ಮರದಿಂದ ಮರಕ್ಕೆ ತೇಲಿ ಹೋಗುವ ಪುಟ್ಟ ಪ್ರಾಣಿಗಳು) ಬಂದವು. ಗಂಡು ಮರಿಯನ್ನು ನಗರವೊಂದರ ಸಾಕುಪ್ರಾಣಿ ಅಂಗಡಿಯಲ್ಲಿ ಕೊಂಡೆವು. ಹೆಣ್ಣನ್ನು ಮೈಸೂರಿನಲ್ಲಿ ತಮ್ಮ ಮನೆಯಲ್ಲೇ ಇವುಗಳನ್ನು ಸಾಕಿ ಮರಿ ಮಾಡಿಸುವ ಬ್ರೀಡರ್ ಒಬ್ಬರಿಂದ ತಂದೆವು. ಅಂಗಡಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬ್ರೀಡರ್ ಕೂಡ, ವರ್ಷಕ್ಕೆ ಮೂರು ನಾಲ್ಕು ಮನೆಗಳಿಗಷ್ಟೇ ಮರಿ ಕೊಡಲು ಸಾಧ್ಯವಾಗುವುದರಿಂದ ತಮ್ಮ ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ. ಹೆಸರಿಲ್ಲದ ವಿಮರ್ಶೆಯಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಮಾರುವವರು ನಮಗೆ ಏನನ್ನು ತೋರಿಸುತ್ತಾರೆ, ನಮ್ಮನ್ನು ಏನು ಕೇಳುತ್ತಾರೆ ಎಂಬ ಎರಡೇ ಸಂಗತಿಗಳಿಂದ ಅವರನ್ನು ಅಳೆಯಬಹುದು, ಮತ್ತು ಆ ಅಳತೆ ಯಾವ ಊರಿನ ಅಂಗಡಿಗೂ ಹೊಂದುತ್ತದೆ. ಇದು ನನಗೆ ಮೊದಲೇ ತಿಳಿದಿದ್ದರೆ ನಮ್ಮ ಮೆಣಸು (ಗಂಡು ಮರಿಗೆ ಮಗಳು ಇಟ್ಟ ಹೆಸರು) ಇಂದು ಹಿಂಗಾಲು ಊರಿ ನೆಟ್ಟಗೆ ನೆಗೆಯುತ್ತಿದ್ದ.

ಕೊಡಗಿನ ತೋಟಗಳಲ್ಲಿ ಬೆಳೆದವರಿಗೆ ಹಾರುಬೆಕ್ಕು ಹೊಸದಲ್ಲ. ಕತ್ತಲಾದ ಮೇಲೆ ಮರದ ತುದಿಯಿಂದ ಇನ್ನೊಂದು ಮರದ ಬುಡದ ಕಡೆಗೆ ಕಂಬಳಿ ಹರಡಿದಂತೆ ತೇಲಿ ಹೋಗುವ ಆ ಪ್ರಾಣಿಯನ್ನು ನಾನೂ ಚಿಕ್ಕಂದಿನಿಂದ ನೋಡಿದ್ದೇನೆ. ನಾವು ಮೆಣಸುವನ್ನು ತಂದ ದಿನ ಪಕ್ಕದ ತೋಟದ ಅಜ್ಜಿ ಬಂದು ನೋಡಿ, "ಇದು ನಮ್ಮ ಹಾರುಬೆಕ್ಕಿನ ಮರಿ ಅಲ್ಲವೇನಮ್ಮಾ, ದುಡ್ಡು ಕೊಟ್ಟು ತಂದೆಯಾ?" ಎಂದು ಕೇಳಿದ್ದರು. ಅಲ್ಲ. ನಮ್ಮ ಹಾರುಬೆಕ್ಕು ಅಳಿಲಿನ ಕುಲದ್ದು, ಬೆಕ್ಕಿನಷ್ಟು ದೊಡ್ಡದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವಂಥದ್ದು. ಅದರ ಮರಿಯನ್ನು ಮರದ ಪೊಟರೆಯಿಂದ ತೆಗೆದು ಸಾಕುವುದು ಅಪರಾಧ. ಶುಗರ್ ಗ್ಲೈಡರ್ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ಕಡೆಯದು, ಕಾಂಗರೂವಿನಂತೆ ಹೊಟ್ಟೆಚೀಲದಲ್ಲಿ ಮರಿಯನ್ನು ಬೆಳೆಸುವ ಗುಂಪಿಗೆ ಸೇರಿದ್ದು. ಬೆಳೆದ ಪ್ರಾಣಿಯೂ 100ರಿಂದ 150 ಗ್ರಾಂ ಆಸುಪಾಸಿನಲ್ಲಿಯೇ ಇರುತ್ತದೆ. ಎರಡಕ್ಕೂ ಮುಂಗಾಲಿನಿಂದ ಹಿಂಗಾಲಿನವರೆಗೆ ಚರ್ಮದ ಪೊರೆ ಇದೆ ಎಂಬುದನ್ನು ಬಿಟ್ಟರೆ ನಂಟಿಲ್ಲ. ಅಜ್ಜಿಯ ಪ್ರಶ್ನೆಯನ್ನು ಇಲ್ಲಿ ಬರೆಯಲು ಕಾರಣವಿದೆ: "ಅದೇ ಜಾತಿ, ಅರ್ಧ ಬೆಲೆಗೆ ತಂದುಕೊಡುತ್ತೇನೆ" ಎಂದು ಯಾರಾದರೂ ತೋಟದ ಮರಿಯೊಂದನ್ನು ಹಿಡಿದು ಬಂದರೆ ದಯವಿಟ್ಟು ಕೊಳ್ಳಬೇಡಿ.

ಈಗ ಅಂಗಡಿಯ ವಿಷಯ. ಕೊಡಗಿನ ಸುಗ್ಗಿಹಬ್ಬ ಹುತ್ತರಿ ಕಳೆದ ವಾರ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ನಾವು ಅಲ್ಲಿಗೆ ಹೋದೆವು. ಲವ್‌ಬರ್ಡ್‌ಗಳ ಗದ್ದಲದ ನಡುವೆ, ಟ್ಯೂಬ್‌ಲೈಟಿನ ನೇರ ಬೆಳಕಿನಲ್ಲಿ ಒಂದು ಹಕ್ಕಿಪಂಜರವಿತ್ತು. ಅದರ ಮೂಲೆಯಲ್ಲಿ ಒಂದೇ ಒಂದು ಮರಿ ಮುದುಡಿಕೊಂಡಿತ್ತು. ಅಂಗಡಿಯವರು ಅದನ್ನೆತ್ತಿ ಮಗಳ ಅಂಗೈಯಲ್ಲಿಟ್ಟರು. ಅದು ಅಲುಗಾಡಲಿಲ್ಲ. "ನೋಡಿ, ಎಷ್ಟು ಸಾಧು" ಎಂದರು. ಶುಗರ್ ಗ್ಲೈಡರ್ ನಿಶಾಚರಿ ಎಂಬುದು ನನಗೆ ತಿಳಿದಿತ್ತು. ಆದರೂ ನಟ್ಟನಡು ಹಗಲಿನಲ್ಲಿ ಅದು ಸುಮ್ಮನಿರುವುದು ಸಾಧುತನದಿಂದಲ್ಲ, ನಿದ್ದೆಯಿಂದ ಮತ್ತು ಭಯದಿಂದ ಎಂಬ ಸರಳ ವಿಷಯ ಆ ಕ್ಷಣದಲ್ಲಿ ಹೊಳೆಯಲಿಲ್ಲ. ವಯಸ್ಸೆಷ್ಟು ಎಂದಾಗ ಮೂರು ತಿಂಗಳು ಎಂದರು. ತಾಯಿ ಎಲ್ಲಿ ಎಂದಾಗ "ಫಾರ್ಮಿನಲ್ಲಿದೆ" ಎಂದರು. ಜೋಡಿ ಬೇಡವೇ ಎಂದು ನಾನಾಗಿಯೇ ಕೇಳಿದೆ. ಒಂಟಿಯಾಗಿದ್ದರೇ ನಿಮ್ಮನ್ನು ಹೆಚ್ಚು ಹಚ್ಚಿಕೊಳ್ಳುತ್ತದೆ ಎಂಬ ಉತ್ತರ ಬಂತು. ಊಟಕ್ಕೆ ಬಾಳೆಹಣ್ಣು, ಜೇನುತುಪ್ಪ, ಒಂದಿಷ್ಟು ಸೆರೆಲ್ಯಾಕ್ ಸಾಕು ಎಂದರು. ಕೊಡಗಿನಲ್ಲಿ ಜೇನಿಗೆ ಕೊರತೆಯೇ ಎಂದು ನಾವು ಸಂತೋಷದಿಂದ 9,000 ರೂಪಾಯಿ ಕೊಟ್ಟು, ರಟ್ಟಿನ ಪೆಟ್ಟಿಗೆಯಲ್ಲಿ ಮರಿಯನ್ನಿಟ್ಟುಕೊಂಡು ಘಟ್ಟ ಹತ್ತಿದೆವು. ರಸೀದಿ ಕೊಡಲಿಲ್ಲ. ನಮ್ಮ ಮನೆ ಎಲ್ಲಿದೆ, ಅಲ್ಲಿ ಚಳಿ ಹೇಗಿರುತ್ತದೆ, ರಾತ್ರಿ ಯಾರು ಎಚ್ಚರವಿರುತ್ತಾರೆ ಎಂಬ ಒಂದು ಪ್ರಶ್ನೆಯನ್ನೂ ಅವರು ಕೇಳಲಿಲ್ಲ.

ಆ ರಾತ್ರಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ ಮರಿ 41 ಗ್ರಾಂ ಇತ್ತು. ಅದು ಮಲಗುವ ಬಟ್ಟೆಚೀಲದೊಳಗೆ ಕೈ ಹಾಕಿದರೆ ಹಿಂಗಾಲ ಮೇಲೆ ನಿಂತು, ಕೈಯಲ್ಲಿ ತಿರುಗಿಸುವ ಹಳೆಯ ಕಾಫಿಪುಡಿ ಯಂತ್ರದಲ್ಲಿ ಬೀಜ ಸಿಕ್ಕಿಕೊಂಡಾಗ ಬರುವಂಥ ಕರ್ಕಶ ಸದ್ದು ಮಾಡುತ್ತಿತ್ತು. ಇದು ಹೆದರಿದ ಶುಗರ್ ಗ್ಲೈಡರಿನ ಕೂಗು. ಹೊಸ ಮನೆಯಲ್ಲಿ ಕೆಲವು ವಾರ ಹೀಗೆ ಕೂಗುವುದು ಸಹಜವಾದರೂ ನಮ್ಮದು ಎರಡು ತಿಂಗಳು ಕಳೆದರೂ ನಿಲ್ಲಿಸಲಿಲ್ಲ. ನಾಲ್ಕನೆಯ ತಿಂಗಳಿನಲ್ಲಿ ಮೆಣಸು ಪಂಜರದ ಸರಳು ಹತ್ತುವಾಗ ಹಿಂಗಾಲುಗಳನ್ನು ಎಳೆದುಕೊಂಡು ಹೋಗುವುದನ್ನು ಮಗಳು ಮೊದಲು ಕಂಡಳು. ನಮ್ಮ ಊರಿನ ಪಶುವೈದ್ಯರು, ತಾವು ದನ ಮತ್ತು ನಾಯಿಗಳನ್ನು ನೋಡುವವರು, ಇದಕ್ಕೆ ತಡಮಾಡದೆ ಮೈಸೂರಿಗೆ ಹೋಗಿ ಎಂದು ನೇರವಾಗಿ ಹೇಳಿದರು. ಆ ಪ್ರಾಮಾಣಿಕತೆಗೆ ನಾನು ಇಂದಿಗೂ ಕೃತಜ್ಞೆ. ಮೈಸೂರಿನ ವೈದ್ಯರು ಎಕ್ಸ್‌ರೇ ತೆಗೆದು, ಕ್ಯಾಲ್ಸಿಯಂ ಕೊರತೆಯಿಂದ ಮೂಳೆ ತೆಳುವಾಗಿದೆ ಎಂದರು. ಬಾಳೆಹಣ್ಣಿನಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ (ಫಾಸ್ಫರಸ್) ಹೆಚ್ಚು. ಈ ಪ್ರಾಣಿಯ ಆಹಾರದಲ್ಲಿ ಇರಬೇಕಾದ ಪ್ರಮಾಣ ಅದಕ್ಕೆ ತದ್ವಿರುದ್ಧ, ಸುಮಾರು ಎರಡು ಪಾಲು ಕ್ಯಾಲ್ಸಿಯಂಗೆ ಒಂದು ಪಾಲು ರಂಜಕ. ಕಾಡಿನಲ್ಲಿ ಅದು ಮರದ ರಸ, ಅಂಟು, ಮಕರಂದ ಮತ್ತು ಹುಳುಗಳನ್ನು ತಿಂದು ಬದುಕುತ್ತದೆ. ತಾಯಿಯಿಂದ ತೀರಾ ಬೇಗ ಬೇರ್ಪಡಿಸಿದ ಮರಿ ಇದು ಎಂದೂ ಅವರು ಹೇಳಿದರು. ಎತ್ತರ ಹತ್ತಲಾಗದಂತೆ ಚಿಕ್ಕ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇಟ್ಟು, ಔಷಧ ಕೊಟ್ಟು, ಆಹಾರ ಬದಲಿಸಿ ಅವನನ್ನು ಉಳಿಸಿಕೊಂಡೆವು. ಎಡಗಾಲಿನ ಹಿಡಿತ ಮಾತ್ರ ಪೂರ್ತಿ ಮರಳಲಿಲ್ಲ. ಅಂಗಡಿಗೆ ಫೋನ್ ಮಾಡಿದಾಗ, ಮನೆಗೆ ಹೋದ ಮೇಲೆ ಜವಾಬ್ದಾರಿ ನಿಮ್ಮದು ಎಂದರು.

ಅದೇ ವರ್ಷದ ಕಕ್ಕಡದ (ಜುಲೈ-ಆಗಸ್ಟ್) ಮಳೆಯಲ್ಲಿ ಇನ್ನೊಂದು ಬೆಳಗು ಬಂತು. ಮೂರು ದಿನದಿಂದ ಕರೆಂಟ್ ಇರಲಿಲ್ಲ. ಚೀಲದೊಳಗೆ ಮೆಣಸು ತಣ್ಣಗೆ, ನಿಂಬೆಹಣ್ಣಿನಂತೆ ಗುಂಡಗೆ ಸುತ್ತಿಕೊಂಡು ಬಿದ್ದಿದ್ದ. ಸತ್ತನೆಂದೇ ತಿಳಿದು ಮಗಳು ಅಳತೊಡಗಿದಳು. ನಾನು ಅವನನ್ನು ಶಾಲಿನೊಳಗೆ ಎದೆಗೆ ಒತ್ತಿಕೊಂಡು ಒಲೆಯ ಪಕ್ಕ ಕುಳಿತೆ. ಅರ್ಧ ಗಂಟೆಯಾದ ಮೇಲೆ ಮೊದಲು ಒಂದು ಕಿವಿ ಅಲುಗಿತು, ಆಮೇಲೆ ಬೆರಳೊಂದು ನನ್ನ ರವಿಕೆಯ ಅಂಚನ್ನು ಹಿಡಿಯಿತು. ಚಳಿ ಹೆಚ್ಚಾದಾಗ, ಆಹಾರ ಸಾಲದಾದಾಗ ಇವು ಮೈಯ ಬಿಸಿಯನ್ನು ಇಳಿಸಿಕೊಂಡು ಜಡವಾಗುತ್ತವೆ ಎಂದು ಆಮೇಲೆ ತಿಳಿಯಿತು. ಕಾಡಿನಲ್ಲಿ ಇವು ಒಂದೇ ಪೊಟರೆಯಲ್ಲಿ ಹಲವು ಜೊತೆಯಾಗಿ ಮಲಗಿ ಬಿಸಿಯನ್ನು ಹಂಚಿಕೊಳ್ಳುತ್ತವೆ. ನಮ್ಮದಕ್ಕೆ ಅಂಟಿಕೊಂಡು ಮಲಗಲು ಯಾರೂ ಇರಲಿಲ್ಲ. ಒಂಟಿಯಾಗಿ ಬೆಳೆದವು ಕೊರಗಿ ತಮ್ಮ ಬಾಲವನ್ನೇ ಕಚ್ಚಿಕೊಂಡು ಗಾಯ ಮಾಡಿಕೊಳ್ಳುವುದೂ ಉಂಟು. ಎರಡನೆಯದನ್ನು ತರಬೇಕೆಂದು ಆ ದಿನವೇ ನಿಶ್ಚಯಿಸಿದೆವು.

ಮೈಸೂರಿನ ಬ್ರೀಡರ್ ಬಗ್ಗೆ ಹೇಳಿದ್ದು ಮೆಣಸುವನ್ನು ನೋಡಿದ ವೈದ್ಯರೇ. ಮೊದಲ ಸಲ ಫೋನ್ ಮಾಡಿದಾಗ ಬೆಲೆಯ ಮಾತೇ ಬರಲಿಲ್ಲ. "ಮೇಡಂ, ನಿಮ್ಮ ಕಡೆ ಜುಲೈನಲ್ಲಿ ಎಷ್ಟು ದಿನ ಕರೆಂಟ್ ಇರುವುದಿಲ್ಲ?" ಎಂಬುದು ಅವರ ಮೊದಲ ಪ್ರಶ್ನೆ. ನಮ್ಮ ಮನೆಗೆ ಬರಬೇಕಾದ ಪ್ರಾಣಿಯ ಪರವಾಗಿ ಯಾರೋ ಒಬ್ಬರು ಯೋಚಿಸುತ್ತಿದ್ದಾರೆ ಎಂದು ನನಗೆ ಅನಿಸಿದ್ದು ಅದೇ ಮೊದಲು. ಪಂಜರದ ಅಳತೆ, ಸರಳುಗಳ ನಡುವಿನ ಅಂತರ ಅರ್ಧ ಇಂಚಿಗಿಂತ ಹೆಚ್ಚಿದೆಯೇ, ಮನೆಯಲ್ಲಿ ಬೆಕ್ಕು ಇದೆಯೇ, ಮಗಳು ಓದಲು ಹೊರಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, ಇವು ಹತ್ತು ಹನ್ನೆರಡು ವರ್ಷ ಬದುಕುತ್ತವೆ ಎಂದು ಗೊತ್ತೇ ಎಂದು ಒಂದೊಂದಾಗಿ ಕೇಳಿದರು. ಮೆಣಸುವಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗುವವರೆಗೆ ಹೆಣ್ಣನ್ನು ಕೊಡುವುದಿಲ್ಲ ಎಂದರು. ಹೀಗೆ ಐದು ತಿಂಗಳು ಕಾದೆವು.

ಅವರು ಬರಲು ಹೇಳಿದ ಸಮಯ ಸಂಜೆ ಏಳೂವರೆ, ಪ್ರಾಣಿಗಳು ಏಳುವ ಹೊತ್ತು. ಮಬ್ಬು ಬೆಳಕಿನ ಕೋಣೆಯಲ್ಲಿ ಆಳೆತ್ತರದ ಪಂಜರ, ಒಳಗೆ ಕೊಂಬೆಗಳು, ಬಟ್ಟೆಯ ಚೀಲಗಳು, ಬಾಲ ಸಿಕ್ಕಿಕೊಳ್ಳದಂತೆ ನಡುವೆ ಅಚ್ಚಿಲ್ಲದ ಓಡುಚಕ್ರ. ತಂದೆಯ ನೆತ್ತಿಯ ಮೇಲೆ ಕೂದಲಿಲ್ಲದ ಬೋಳು ಗುರುತು ಇತ್ತು. ಅದು ಗಂಡಿನ ಗಂಧಗ್ರಂಥಿ ಎಂದು ತೋರಿಸಿದರು. ತಾಯಿಯ ಚೀಲದೊಳಗೆ ಆಗ ಇನ್ನೊಂದು ಮರಿಯಿತ್ತು. ಗರ್ಭದಲ್ಲಿ 16 ದಿನವಷ್ಟೇ ಇದ್ದು, ಅಕ್ಕಿಕಾಳಿನಷ್ಟು ಗಾತ್ರದಲ್ಲಿ ಹುಟ್ಟಿ, ತಾನೇ ತೆವಳಿ ಚೀಲ ಸೇರುವ ಮರಿ ಅಲ್ಲಿ ಸುಮಾರು 70 ದಿನ ಇರುತ್ತದೆ. ವಯಸ್ಸನ್ನು ಅವರು ಲೆಕ್ಕ ಹಾಕುವುದು ಚೀಲದಿಂದ ಹೊರಬಂದ ದಿನದಿಂದ. ಎಂಟು ವಾರ ತುಂಬದೆ ಯಾವ ಮರಿಯನ್ನೂ ಕೊಡುವುದಿಲ್ಲ. ನಾವು ತಂದ ಹೆಣ್ಣು ಮರಿ ಏಲಕ್ಕಿಗೆ ಹತ್ತು ವಾರವಾಗಿತ್ತು. ಚೀಲದಿಂದ ಹೊರಬಂದಾಗಿನಿಂದ ಬರೆದಿಟ್ಟ ತೂಕದ ಪುಸ್ತಕವನ್ನು ಬಿಚ್ಚಿ ನಮ್ಮ ಮುಂದಿಟ್ಟರು. ಫ್ರಿಜ್ ತೆರೆದು, ಬೇಯಿಸಿದ ಮೊಟ್ಟೆ, ಜೇನು, ಕ್ಯಾಲ್ಸಿಯಂ ಪುಡಿ ಮತ್ತು ಒಣಗಿಸಿದ ಹುಳುವಿನ ಪುಡಿಯನ್ನು ಅರೆದು ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟ ತುಂಡುಗಳನ್ನು ತೋರಿಸಿದರು: ರಾತ್ರಿಗೆ ಒಂದಕ್ಕೆ ಒಂದು ತುಂಡು, ಜೊತೆಗೆ ಹೆಚ್ಚಿದ ಪಪ್ಪಾಯಿ, ಗೆಣಸು, ಸೊಪ್ಪು. ಕೊಡಗಿನವರೆಂದು ನೆನಪಿಟ್ಟುಕೊಂಡು, ಬೆಣ್ಣೆಹಣ್ಣು, ಕಾಫಿ ಮತ್ತು ಮಡಿಕೇರಿಯ ಅಂಗಡಿಗಳಲ್ಲಿ ಸಿಗುವ ಮನೆಚಾಕಲೇಟು ಇವುಗಳ ಹತ್ತಿರವೂ ಸುಳಿಯಬಾರದು ಎಂದು ಎರಡು ಸಲ ಹೇಳಿದರು.

ಕಾಗದಪತ್ರದ ಬಗ್ಗೆಯೂ ಒಂದು ಮಾತು. ಸಾಕುಪ್ರಾಣಿಗಳನ್ನು ಮಾರುವ ಜಾಗಗಳು 2018ರ ನಿಯಮಗಳ ಪ್ರಕಾರ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ಮೊದಲ ಅಂಗಡಿಯಲ್ಲಿ ನಾನು ಕೇಳಲಿಲ್ಲ, ಅವರು ತೋರಿಸಲಿಲ್ಲ. ಇಲ್ಲಿ ಪ್ರಮಾಣಪತ್ರ ಗೋಡೆಯ ಮೇಲಿತ್ತು, ರಸೀದಿಯಲ್ಲಿ ಮರಿಯ ತಂದೆತಾಯಿಯ ವಿವರವೂ ಇತ್ತು.

ಕೊರತೆಗಳಿಲ್ಲವೆಂದಲ್ಲ. 14,000 ರೂಪಾಯಿ ಸಣ್ಣ ಮೊತ್ತವಲ್ಲ. ಆಹಾರದ ವಿವರವಿರುವ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿದೆ; ಮಗಳು ಓದಿ ಹೇಳದಿದ್ದರೆ ಮನೆಯಲ್ಲಿ ಪ್ರಾಣಿಗೆ ಊಟ ಹಾಕುವ ನನ್ನ ಅತ್ತೆಯವರಿಗೆ ಅದರಿಂದ ಉಪಯೋಗವಿಲ್ಲ. ಕನ್ನಡದಲ್ಲಿ ಮಾಡಿಸಿ ಎಂದು ಕೇಳಿ, ನಾವು ಅನುವಾದಿಸಿದ ಪ್ರತಿಯನ್ನೇ ಕಳಿಸಿದ್ದೇವೆ. ಹಗಲಿನಲ್ಲಿ ಅವರು ಫೋನ್ ಎತ್ತುವುದು ಅಪರೂಪ. ಆದರೆ ರಾತ್ರಿ ಹನ್ನೊಂದಕ್ಕೆ ಎತ್ತುತ್ತಾರೆ, ಮತ್ತು ಮರಿ ತಂದ ಮೊದಲ ತಿಂಗಳಲ್ಲಿ ನಾನು ಮಾಡಿದ ಏಳೆಂಟು ಕರೆಗಳಿಗೂ ಬೇಸರವಿಲ್ಲದೆ ಉತ್ತರಿಸಿದ್ದಾರೆ. ಅವರು ಹೇಳಿದಂತೆ ಏಲಕ್ಕಿಯನ್ನು ಒಂದು ತಿಂಗಳು ಬೇರೆ ಕೋಣೆಯಲ್ಲಿಟ್ಟು, ಹಿಕ್ಕೆಯ ಪರೀಕ್ಷೆ ಮಾಡಿಸಿ, ಮಲಗುವ ಚೀಲಗಳನ್ನು ಅದಲುಬದಲು ಮಾಡಿ ವಾಸನೆ ಪರಿಚಯಿಸಿದೆವು. ಎರಡನ್ನೂ ಒಟ್ಟಿಗೆ ಬಿಟ್ಟ ರಾತ್ರಿ ಕಾಫಿಪುಡಿ ಯಂತ್ರದ ಸದ್ದು ಹತ್ತು ನಿಮಿಷ ಕೇಳಿಸಿತು. ಬೆಳಿಗ್ಗೆ ಒಂದೇ ಚೀಲದಿಂದ ಎರಡು ಬಾಲಗಳು ಹೊರಗೆ ಇಣುಕುತ್ತಿದ್ದವು.

ಈ ವರ್ಷದ ಮಳೆಗಾಲಕ್ಕೆ ಇನ್ವರ್ಟರ್ ಹಾಕಿಸಿದ್ದೆವು. ಅದೂ ಕೈಕೊಟ್ಟ ರಾತ್ರಿಗಳಲ್ಲಿ ಹಂಡೆಯ ಬಿಸಿನೀರನ್ನು ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ ಚೀಲದ ಪಕ್ಕ ಇಟ್ಟೆವು. ಭಾನುವಾರದ ತೂಕವನ್ನು ಬ್ರೀಡರ್ ಅವರಿಗೆ ಕಳಿಸುವುದು ಕರಾರಿನ ಭಾಗ. ಕಳೆದ ವಾರ ಏಲಕ್ಕಿ 104, ಮೆಣಸು 96. ಕೊಡಗಿನವರು ಅವರನ್ನು ಸಂಪರ್ಕಿಸುವುದಾದರೆ ಒಂದನ್ನು ತಿಳಿದಿರಲಿ: ಗೋಣಿಕೊಪ್ಪದಿಂದ ಜೂನ್‌ನಲ್ಲಿ ಜೋಡಿ ಕೇಳಿದ ನಮ್ಮ ಪರಿಚಯದವರಿಗೆ, ಮಳೆ ನಿಂತು ಚಳಿಯೂ ಕಳೆದ ಮೇಲೆ ಫೆಬ್ರವರಿಯಲ್ಲಿ ಬನ್ನಿ, ಬಸ್ಸಿನ ಪಾರ್ಸೆಲ್‌ನಲ್ಲಿ ಮಾತ್ರ ಕಳಿಸುವುದಿಲ್ಲ ಎಂದಿದ್ದಾರೆ.